ಜಾಬ್ ಕೋಚ್ ಹೊರಟ ಮೇಲೆ: ಔಷಧಿ ಸಗಟು ಅಂಗಡಿಯಲ್ಲಿ ಆಟಿಸಂ ಇರುವ ಯುವಕನ ಕೆಲಸ

ಇದು ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ನಡೆದದ್ದು. ಆಟಿಸಂ ಇರುವ ಒಬ್ಬ ಯುವಕ, ಒಂದು ಔಷಧಿ ಸಗಟು ಅಂಗಡಿ, ನಡುವೆ ಇಂಥವರಿಗೆ ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸುವ ನಮ್ಮ ಚಿಕ್ಕ ಸಂಸ್ಥೆ. ಆಟಿಸಂ ಎಂದರೆ ಮಾತು, ಜನರೊಂದಿಗೆ ಬೆರೆಯುವುದು, ಸದ್ದು ಬದಲಾವಣೆಗಳಿಗೆ ಸ್ಪಂದಿಸುವುದು ಬೇರೆ ರೀತಿಯಲ್ಲಿರುವ, ಬಾಲ್ಯದಿಂದಲೇ ಇರುವ ಸ್ಥಿತಿ. ಯುವಕನನ್ನು ಇಲ್ಲಿ ಸುಹಾಸ ಎಂದು ಕರೆಯುತ್ತೇನೆ. ಅದು ಅವನ ಹೆಸರಲ್ಲ. ಮನೆಯವರ, ಅಂಗಡಿಯವರ ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಬರೆದದ್ದನ್ನು ಅವನಿಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇವೆ.

ಹಿನ್ನೆಲೆ

ಸುಹಾಸ ಮಾತು ಕಲಿತದ್ದು ತಡವಾಗಿ. 'ಅವರಪ್ಪನೂ ಹಂಗೇ, ಐದು ವರ್ಷಕ್ಕೆ ಮಾತಾಡಿದ್ದು' ಎಂದು ಅಜ್ಜಿ ಸಮಾಧಾನ ಹೇಳುತ್ತಿದ್ದರು. ಕೊನೆಗೆ ಯಾರೋ ಹೇಳಿದರೆಂದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. ಅಲ್ಲಿ ಆಟಿಸಂ ಎಂದು ಗೊತ್ತಾಯಿತು. ಸ್ಪೀಚ್ ಥೆರಪಿ ಶುರುವಾಯಿತು, ಸ್ವಲ್ಪ ದಿನ ನಡೆಯಿತು, ನಿಂತೂ ಹೋಯಿತು. ಅಷ್ಟು ದೂರದಿಂದ ಪದೇ ಪದೇ ರಜೆ ಹಾಕಿ ಹೋಗಲು ಬಸ್ ಕಂಡಕ್ಟರ್ ಆಗಿದ್ದ ಅಪ್ಪನಿಗೆ ಆಗುತ್ತಿರಲಿಲ್ಲ. ಉಳಿದದ್ದನ್ನು ಅಮ್ಮನೇ ನೋಡಿ ನೋಡಿ ಕಲಿತು ಮನೆಯಲ್ಲಿ ಮಾಡಿಸಿದರು.

ಸರ್ಕಾರಿ ಶಾಲೆಯಲ್ಲಿ ಓದಿದ. ಎಸ್ಸೆಸ್ಸೆಲ್ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಕೊಡುವ ಹೆಚ್ಚಿನ ಸಮಯ, ಬರೆಯುವ ಸಹಾಯಕರು ಎರಡನ್ನೂ ಪಡೆದು ಪಾಸಾದ. ಅಲ್ಲಿಗೆ ಎಲ್ಲವೂ ಮುಗಿಯಿತು. ಪಿಯುಗೆ ಸೇರಿಸಿದರು, ತರಗತಿಯ ಗದ್ದಲ ತಡೆಯಲಾಗದೆ ಬಿಟ್ಟ. ನಮ್ಮ ಹತ್ತಿರ ಬರುವಷ್ಟರಲ್ಲಿ ಅವನಿಗೆ 22. ನಾಲ್ಕೈದು ವರ್ಷ ಮನೆಯಲ್ಲೇ ಕೂತಿದ್ದ.

ಅಂಗವೈಕಲ್ಯ ಪ್ರಮಾಣಪತ್ರ ಇತ್ತು. ಆಟಿಸಂಗೆ ನಮ್ಮ ದೇಶದಲ್ಲಿ ಐಎಸ್‌ಎಎ ಎಂಬ ಅಳತೆಪಟ್ಟಿ ಬಳಸುತ್ತಾರೆ. ಅದರಲ್ಲಿ 40 ಅಂಶ, ಒಂದೊಂದಕ್ಕೂ 1ರಿಂದ 5 ಅಂಕ. ಮೊತ್ತ 70 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಆಟಿಸಂ ಎಂದು ಲೆಕ್ಕ. ಅದರ ಮೇಲೆ ಶೇಕಡಾವಾರು ನಿಗದಿಯಾಗುತ್ತದೆ. ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸವಲತ್ತುಗಳ ಬಾಗಿಲು ತೆರೆಯುತ್ತದೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನ, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಇವೆಲ್ಲ ಆ ಕಾಗದದ ಬಲದಿಂದ ಸಿಗುವಂಥವು. ನಿರಾಮಯದಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆಸ್ಪತ್ರೆ, ಥೆರಪಿ ಖರ್ಚು ಸಿಗುತ್ತದೆ. ಸುಹಾಸನ ಮನೆಯವರಿಗೆ ಅಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ. ಗೊತ್ತಿಲ್ಲದ ಮನೆಗಳೇ ನಮಗೆ ಜಾಸ್ತಿ ಸಿಗುತ್ತವೆ.

ಆ ಕಾಗದ ಹೇಳದ ಒಂದು ವಿಷಯ ಅಮ್ಮನಿಂದ ತಿಳಿಯಿತು. ಮನೆಯ ಮಾತ್ರೆಗಳ ಉಸ್ತುವಾರಿಯೆಲ್ಲ ಅವನದೇ. ಅಜ್ಜಿಯ ಬಿಪಿ, ಶುಗರ್ ಮಾತ್ರೆಗಳ ಸ್ಟ್ರಿಪ್‌ಗಳನ್ನು ಎಕ್ಸ್‌ಪೈರಿ ತಾರೀಖಿನ ಪ್ರಕಾರ ಜೋಡಿಸಿಡುತ್ತಾನೆ. ತಾರೀಖು ಮುಗಿದ ದಿನವೇ ಕಸಕ್ಕೆ ಹಾಕುತ್ತಾನೆ. 'ಇನ್ನೂ ನಾಲ್ಕು ಮಾತ್ರೆ ಇತ್ತಲ್ಲೋ' ಎಂದು ಅಜ್ಜಿ ಬೈದರೂ ಕೇಳುವುದಿಲ್ಲ. ಅಕ್ಕಪಕ್ಕದ ಮನೆಯವರೂ ಮಾತ್ರೆ ಡಬ್ಬಿ ತಂದು ತೋರಿಸಿ ಹೋಗುತ್ತಿದ್ದರಂತೆ.

ಸಮಸ್ಯೆ ಏನಿತ್ತು

ಅಮ್ಮ ಕೆಲಸ ಕೇಳಿಕೊಂಡು ಬಂದಿರಲಿಲ್ಲ. 'ಹಗಲು ಒಂದಿಷ್ಟು ಹೊತ್ತು ಎಲ್ಲಾದ್ರೂ ಇರ್ಲಿ ಸಾರ್. ಮನೇಲಿ ಕೂತು ಕೂತು ಸಿಟ್ಟು ಜಾಸ್ತಿ ಆಗ್ತಿದೆ' ಎಂದಿದ್ದರು. ಮಕ್ಕಳಿಗೆ ಥೆರಪಿ ಕೇಂದ್ರಗಳಾದರೂ ಇವೆ. ಹದಿನೆಂಟು ದಾಟಿದವರಿಗೆ ಜಿಲ್ಲಾ ಕೇಂದ್ರಗಳಲ್ಲಿ ಹೆಚ್ಚೇನೂ ಇಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಕೆಲಸದಲ್ಲಿ ಶೇ 4 ಮೀಸಲಾತಿ ಕೊಟ್ಟಿದೆ. ಅದರಲ್ಲಿ ಶೇ 1 ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ. ಕಾಯ್ದೆ ಒಳ್ಳೆಯದೇ. ಆದರೆ ಆ ಹುದ್ದೆಗೆ ಪರೀಕ್ಷೆ ಬರೆದು, ಗೆದ್ದು, ಯಾವುದೋ ಊರಿಗೆ ಹೋಗಿ ಕೂರುವುದು ಸುಹಾಸನ ಸದ್ಯದ ದಾರಿಯಾಗಿರಲಿಲ್ಲ. ಬೆಂಗಳೂರಿನ ಎಸ್‌ಎಪಿ ಲ್ಯಾಬ್ಸ್ ಆಟಿಸಂ ಇರುವವರನ್ನು ಕೆಲಸಕ್ಕೆ ತೆಗೆದುಕೊಂಡಿದ್ದನ್ನು ನಾವೂ ಓದಿದ್ದೆವು. ಹುಬ್ಬಳ್ಳಿಯ ಕಾಲೇಜೊಂದರಲ್ಲಿ 2017ರಲ್ಲಿ ಶುರುವಾದ, ಅಂಗವಿಕಲರೇ ಕೆಲಸ ಮಾಡುವ ಮಿಟ್ಟಿ ಕೆಫೆ 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣದವರೆಗೆ ಹೋದದ್ದೂ ಗೊತ್ತಿತ್ತು. ನಮ್ಮ ಊರಲ್ಲಿ ಐಟಿ ಕಂಪನಿ ಇಲ್ಲ. ಇರುವುದು ಅಂಗಡಿ, ಗೋಡೌನು, ಅಕ್ಕಿ ಗಿರಣಿ, ಪ್ರಿಂಟಿಂಗ್ ಪ್ರೆಸ್ಸು. ಕೆಲಸ ಸಿಕ್ಕರೆ ಅಲ್ಲೇ ಸಿಗಬೇಕು.

ಮೊದಲ ಪ್ರಯತ್ನ

ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ನಮ್ಮದೇ ತರಬೇತಿ ಕೇಂದ್ರಕ್ಕೆ ಸೇರಿಸಿಕೊಂಡೆವು. ಪೇಪರ್ ಕವರ್, ಫಿನಾಯಿಲ್, ದೀಪಾವಳಿ ಹತ್ತಿರ ಬಂದಾಗ ಹಣತೆಗೆ ಬಣ್ಣ. ಸುಹಾಸ ಬಂದ, ಕೂತ, ಹೇಳಿದ್ದಷ್ಟು ಮಾಡಿದ. ಕವರುಗಳು ಅಳತೆಗೆ ಸರಿಯಾಗಿ ಬರುತ್ತಿದ್ದವು. ಒಂದು ಕವರಿಗೆ ಬೇರೆಯವರ ಮೂರು ಪಟ್ಟು ಹೊತ್ತು ಹಿಡಿಯುತ್ತಿತ್ತು. ಮಧ್ಯಾಹ್ನ ಹಾಡು, ಆಟದ ಹೊತ್ತಿಗೆ ಕಿವಿ ಮುಚ್ಚಿಕೊಂಡು ಗೇಟಿನ ಹತ್ತಿರ ನಿಲ್ಲುತ್ತಿದ್ದ. ಇಂಥ ಕೇಂದ್ರಗಳ ಬಗ್ಗೆ ನನ್ನದೊಂದು ತಕರಾರಿದೆ. ಅಲ್ಲಿ 'ತರಬೇತಿ' ಮುಗಿಯುವುದೇ ಇಲ್ಲ. ಹತ್ತು ವರ್ಷದಿಂದ ಕವರ್ ಮಾಡುತ್ತಿರುವವರನ್ನೂ ಟ್ರೈನಿ ಎನ್ನುತ್ತೇವೆ.

ಇಲ್ಲಿ ಮೊದಲ ನಿರ್ಧಾರ ಆಯಿತು. ಕಲಿಸಿ ಕಲಿಸಿ, ರೆಡಿಯಾದ ಮೇಲೆ ಕೆಲಸಕ್ಕೆ ಕಳಿಸುವುದು ಬೇಡ. ಮೊದಲು ಕೆಲಸದ ಜಾಗ ಹುಡುಕೋಣ, ಕಲಿಸುವುದನ್ನು ಅಲ್ಲೇ ಕಲಿಸೋಣ. ಆಟಿಸಂ ಇರುವ ಹಲವರಿಗೆ ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿ ಬರುವುದಿಲ್ಲ. ನಮ್ಮ ಕೇಂದ್ರದ ಮೇಜಿನ ಮೇಲೆ ಕಲಿತ ಅಚ್ಚುಕಟ್ಟು ಗೋಡೌನಿನಲ್ಲಿ ಮತ್ತೆ ಹೊಸದಾಗಿ ಕಲಿಯಬೇಕಾಗುತ್ತದೆ. ಹಾಗಿದ್ದ ಮೇಲೆ ಗೋಡೌನಿನಲ್ಲೇ ಕಲಿಯಲಿ ಅಲ್ವಾ?

ಅಂಗಡಿ

ಅಜ್ಜಿಯ ಮಾತ್ರೆಗಳೇ ದಾರಿ ತೋರಿಸಿದವು. ಔಷಧಿ ಸಗಟು ವ್ಯಾಪಾರದಲ್ಲಿ ಯಾರಿಗೂ ಬೇಡದ ಒಂದು ಕೆಲಸ ಇದೆ. ಊರೂರಿನ ಮೆಡಿಕಲ್ ಸ್ಟೋರ್‌ಗಳಿಂದ ಎಕ್ಸ್‌ಪೈರಿ ಆದ, ಒಡೆದ ಮಾಲು ಚೀಲಗಟ್ಟಲೆ ವಾಪಸ್ ಬರುತ್ತದೆ. ಅದನ್ನು ಕಂಪನಿವಾರು ಬೇರೆ ಮಾಡಬೇಕು. ಬ್ಯಾಚ್ ನಂಬರ್, ತಾರೀಖು, ಎಂಆರ್‌ಪಿ ನೋಡಿ ಪಟ್ಟಿ ಮಾಡಬೇಕು. ಪಟ್ಟಿ ಸರಿ ಇದ್ದರೆ ಕಂಪನಿಯಿಂದ ಕ್ರೆಡಿಟ್ ನೋಟ್, ಅಂದರೆ ಆ ಮಾಲಿನ ಹಣವನ್ನು ಅಂಗಡಿಯ ಲೆಕ್ಕಕ್ಕೆ ಜಮಾ ಮಾಡಿದ ಚೀಟಿ ಬರುತ್ತದೆ. ಒಂದಂಕಿ ತಪ್ಪಿದರೆ ಕ್ಲೇಮ್ ತಿರಸ್ಕಾರ, ನಷ್ಟ ಅಂಗಡಿಗೆ. ಎಷ್ಟು ತಿಂಗಳೊಳಗೆ ವಾಪಸ್ ಮಾಡಬೇಕು ಎಂಬುದಕ್ಕೂ ಕಂಪನಿಗೊಂದು ನಿಯಮ. ಹುಡುಗರು ಈ ಮೂಲೆಗೆ ಬರಲು ಒಲ್ಲೆ ಎನ್ನುತ್ತಾರೆ. ಮಾಲು ರಾಶಿ ಬೀಳುತ್ತದೆ.

ಮಾಲೀಕರು ಒಳ್ಳೆಯವರು. ವಿಷಯ ಹೇಳಿದ ತಕ್ಷಣ, 'ಪಾಪ, ಬಂದು ಸುಮ್ನೆ ಕೂತ್ಕೊಳ್ಳಲಿ. ತಿಂಗಳಿಗೆ ಏನಾದ್ರೂ ಕೊಡ್ತೀನಿ' ಎಂದರು. ನಾವು ಬೇಡ ಎಂದೆವು. ಇದು ಸುಲಭದ ಮಾತಾಗಿರಲಿಲ್ಲ. ಬಾಗಿಲು ತೆರೆದವರೇ ಅಪರೂಪ, ಅಂಥವರಿಗೆ ಷರತ್ತು ಹಾಕುವುದು ಅಮ್ಮನಿಗೂ ಸರಿ ಕಾಣಲಿಲ್ಲ. ಆದರೆ ಪಾಪ ಎಂದು ಕೊಟ್ಟ ಜಾಗ ಪಾಪ ಎನ್ನುವ ಭಾವ ಇರುವವರೆಗೆ ಮಾತ್ರ. ನಮ್ಮ ಪ್ರಸ್ತಾಪ ಹೀಗಿತ್ತು: ಎಕ್ಸ್‌ಪೈರಿ ಮೂಲೆಯಲ್ಲಿ ಸ್ವಲ್ಪ ದಿನ ಕೆಲಸ ನೋಡಿ. ಆಗಲಿಲ್ಲ ಎಂದರೆ ಕಳಿಸಿಬಿಡಿ. ಆಯಿತು ಎಂದರೆ ಅಲ್ಲಿನ ಹೆಲ್ಪರ್‌ಗೆ ಎಷ್ಟು ಕೊಡುತ್ತೀರೋ ಅಷ್ಟೇ ಇವನಿಗೂ ಕೊಡಿ. ಮಾಲೀಕರು ನಕ್ಕರು, ಒಪ್ಪಿದರು.

ಕೆಲಸದ ಜಾಗದಲ್ಲೇ ಜೊತೆಗಿದ್ದು ಕಲಿಸುವ ನಮ್ಮ ಜಾಬ್ ಕೋಚ್ ಮೊದಲು ತಾನೇ ಅಲ್ಲಿ ಕೂತು ಆ ಕೆಲಸ ಕಲಿತಳು. ಆಮೇಲೆ ಅದನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಫೋಟೊ ತೆಗೆದು, ಗೋಡೆಗೆ ಅಂಟಿಸಿದಳು. ಕಂಪನಿಗೊಂದು ಬಣ್ಣದ ಕ್ರೇಟು. ಪ್ಯಾಕಿಂಗ್ ಮೇಜಿನಿಂದ ದೂರ ಒಂದು ಟೇಬಲ್ಲು. ರಟ್ಟಿನ ಪೆಟ್ಟಿಗೆಗೆ ಟೇಪು ಎಳೆಯುವ ಆ ಚರ್ರ್ ಸದ್ದು ಅವನಿಗೆ ಆಗುತ್ತಿರಲಿಲ್ಲ, ಅದಕ್ಕೆ ಒಂದು ಇಯರ್ ಮಫ್. ಮಾತಾಡುವ ರೀತಿಯನ್ನೂ ಬದಲಿಸಬೇಕಾಯಿತು. 'ಬೇಗ ಮುಗಿಸಪ್ಪಾ' ಎಂದರೆ ಅವನಿಗೆ ಏನೂ ತಿಳಿಯದು. 'ಊಟಕ್ಕೆ ಮುಂಚೆ ಈ ಎರಡು ಕ್ರೇಟು' ಎಂದರೆ ಮುಗಿಯಿತು.

ಎರಡು ಕಡೆ ಗಟ್ಟಿಯಾಗಿ ನಿಲ್ಲಬೇಕಾಯಿತು. ಮೊದಲನೆಯದು, ಆಟಿಸಂ ವಿಷಯವನ್ನು ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವವರಿಗೆ ಹೇಳುವುದೋ ಬೇಡವೋ ಎಂಬುದು. ಅಪ್ಪ ಬೇಡವೇ ಬೇಡ ಎಂದರು. 'ಹುಚ್ಚ ಅಂತಾರೆ' ಎಂಬ ಭಯ. ಮಾಲೀಕರಿಗೆ ಹೇಗೂ ಗೊತ್ತಿತ್ತು, ಜೊತೆಯವರಿಗೆ ಯಾಕೆ ಎಂಬುದು ಅವರ ವಾದ. ಕೋಚ್ ಸುಹಾಸನನ್ನೇ ಕೇಳಿದಳು. ಅವನು ಒಂದು ಕಾರ್ಡ್ ಬರೆದ: 'ನನಗೆ ಆಟಿಸಂ ಇದೆ. ಹಿಂದಿನಿಂದ ಮುಟ್ಟಬೇಡಿ. ಎಕ್ಸ್‌ಪೈರಿ ಡೇಟ್ ಕೇಳಿದರೆ ಹೇಳುತ್ತೇನೆ.' ಅದನ್ನೇ ಟೇಬಲ್ಲಿನ ಮೇಲೆ ಇಟ್ಟೆವು. ನಾವು ತಯಾರಿಸಿಟ್ಟಿದ್ದ ಎರಡು ಪುಟದ ಮಾಹಿತಿ ಪತ್ರಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡಿತು.

ಎರಡನೆಯದು ಬ್ಯಾಂಕು. ಸಂಬಳವನ್ನು ಅಪ್ಪನ ಕೈಗೆ ಕ್ಯಾಶ್ ಕೊಡುವುದು ಎಲ್ಲರಿಗೂ ಸುಲಭವಾಗಿತ್ತು. ನಾವು ಅವನದೇ ಖಾತೆ ಬೇಕೆಂದೆವು. ಬ್ಯಾಂಕಿನಲ್ಲಿ ಗಾರ್ಡಿಯನ್ ಸರ್ಟಿಫಿಕೇಟ್ ತನ್ನಿ ಎಂದರು. ಹದಿನೆಂಟು ದಾಟಿದವರಿಗೂ ಅವರ ಪರವಾಗಿ ತೀರ್ಮಾನ ತೆಗೆದುಕೊಳ್ಳುವ ಗಾರ್ಡಿಯನ್ ನೇಮಿಸಲು ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಅವಕಾಶ ಇದೆ. ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಅನೇಕ ಮನೆಗಳಿಗೆ ಅದು ನಿಜಕ್ಕೂ ಬೇಕು. ಸುಹಾಸನಿಗೆ ಬೇಕಿತ್ತೇ? ಓದುತ್ತಾನೆ, ಸಹಿ ಮಾಡುತ್ತಾನೆ, ಚಿಲ್ಲರೆ ಲೆಕ್ಕ ನಮಗಿಂತ ಚೆನ್ನಾಗಿ ಹೇಳುತ್ತಾನೆ. ಬರೀ ಒಂದು ಖಾತೆಗಾಗಿ ಅವನ ಸಹಿಯನ್ನು ಇನ್ನೊಬ್ಬರ ಕೈಗೆ ಕೊಡುವುದು ಸರಿಯಲ್ಲ ಎನಿಸಿತು. ಅಂಗವಿಕಲರಿಗೂ ತಮ್ಮ ಹಣಕಾಸು ತಾವೇ ನೋಡಿಕೊಳ್ಳುವ ಹಕ್ಕಿದೆ ಎನ್ನುವ 2016ರ ಕಾಯ್ದೆಯ 13ನೇ ಸೆಕ್ಷನ್ ಪ್ರಿಂಟ್ ತೆಗೆದುಕೊಂಡು ಹೋದೆವು. ಓಡಾಟ ಆಯಿತು, ಖಾತೆಯೂ ಆಯಿತು. ಎಟಿಎಂ ಕಾರ್ಡಿಗೆ ದಿನದ ಮಿತಿಯನ್ನು ಅಮ್ಮ, ಮಗ ಕೂತು ಮಾತಾಡಿ ಕಮ್ಮಿ ಇಟ್ಟುಕೊಂಡರು.

ಆಯುಧ ಪೂಜೆಯ ಹಿಂದಿನ ದಿನ

ಮೊದಲ ತಿಂಗಳುಗಳು ಚೆನ್ನಾಗಿ ಹೋದವು. ಹಳೆಯ ರಾಶಿ ಕರಗಿತು. ತಿರಸ್ಕಾರವಾಗಿ ಬರುವ ಕ್ಲೇಮುಗಳು ಕಡಿಮೆಯಾದವು. ಕೋಚ್ ಮೊದಲು ಇಡೀ ದಿನ ಇರುತ್ತಿದ್ದಳು, ಆಮೇಲೆ ಅರ್ಧ ದಿನ, ಆಮೇಲೆ ವಾರಕ್ಕೊಮ್ಮೆ. ಪುಸ್ತಕದಲ್ಲಿ ಬರೆದ ಹಾಗೆಯೇ.

ಒಳಗೆ ನಡೆಯುತ್ತಿದ್ದದ್ದು ಬೇರೆ. ಅವನು ಊಟಕ್ಕೆ ಏಳದಿದ್ದರೆ ಕೋಚ್‌ಗೆ ಫೋನು. ಕರೆಂಟು ಹೋಗಿ ಓಡಾಡತೊಡಗಿದರೆ ಕೋಚ್‌ಗೆ ವಿಡಿಯೊ ಕಾಲ್. ಅಂಗಡಿಯ ಯಾರೂ ಅವನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಕೋಚ್ ಅಂಗಡಿಯಿಂದ ಹೊರಗೆ ಬಂದಿದ್ದಳು, ಅಷ್ಟೇ. ಅವಳ ಕೆಲಸ ಅಲ್ಲಿ ಯಾರ ಕೈಗೂ ಹೋಗಿರಲಿಲ್ಲ.

ಆಯುಧ ಪೂಜೆಗೆ ಅಂಗಡಿ ತೊಳೆಯುವುದು ಎಲ್ಲ ಕಡೆ ಇರುವ ಪದ್ಧತಿ. ಹಿಂದಿನ ದಿನ ಬೆಳಿಗ್ಗೆ ರ‍್ಯಾಕುಗಳನ್ನೆಲ್ಲ ಎಳೆದು, ನೀರು ಹೊಯ್ದು, ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಸುಹಾಸ ಬಂದಾಗ ಅವನ ಟೇಬಲ್ಲೇ ಇರಲಿಲ್ಲ. ಕೂಗಿಕೊಂಡ. ತಲೆಗೆ ಹೊಡೆದುಕೊಳ್ಳತೊಡಗಿದ. ಒಬ್ಬ ಹುಡುಗ ಒಳ್ಳೆಯದಕ್ಕೇ ಹಿಂದಿನಿಂದ ಬಂದು ತೋಳು ಹಿಡಿದ. ಸುಹಾಸ ತಳ್ಳಿದ. ಒದ್ದೆ ನೆಲ, ಆ ಹುಡುಗ ಜಾರಿ ಬಿದ್ದು ಮೊಣಕೈ ತರಚಿಕೊಂಡ. ಕೋಚ್ ಅವತ್ತು ರಜೆಯಲ್ಲಿದ್ದಳು, ಫೋನು ಎತ್ತಲಿಲ್ಲ. ಅಪ್ಪ ಬಂದು ಕರೆದುಕೊಂಡು ಹೋದರು.

ಹಬ್ಬ ಕಳೆದ ಮೇಲೆ ಎಲ್ಲರೂ ಕೂತೆವು. ಅಪ್ಪ 'ಸಾಕು, ಮರ್ಯಾದೆ ಹೋಯ್ತು' ಎಂದರು. ಮಾಲೀಕರು, 'ಹುಡುಗ ಒಳ್ಳೆಯವನೇ. ನಾಳೆ ಯಾರಿಗಾದ್ರೂ ತಲೆಗೆ ಪೆಟ್ಟಾದ್ರೆ?' ಎಂದರು. ಕೋಚ್ ತಾನು ಮತ್ತೆ ದಿನವಿಡೀ ಬರುತ್ತೇನೆ ಎಂದಳು. ನಾವು ಅದಕ್ಕೇ ಒಪ್ಪುವವರಿದ್ದೆವು.

ಪ್ಯಾಕಿಂಗ್‌ನಲ್ಲಿದ್ದ ಹಿರಿಯ ಹೆಂಗಸೊಬ್ಬರು ಟೀ ತಂದವರು ಅಲ್ಲೇ ನಿಂತಿದ್ದರು. ಅಂಗಡಿಯಲ್ಲಿ ಎಲ್ಲರಿಗೂ ಅವರು ಅಕ್ಕ. 'ನಮಗ್ಯಾರು ಹೇಳಿಕೊಟ್ಟಿದ್ದಾರೆ? ಏನಾದ್ರೂ ಆದ್ರೆ ಮೇಡಂಗೆ ಫೋನ್ ಮಾಡಿ ಅಂದ್ರಿ, ಮಾಡಿದ್ವಿ. ಮೇಡಂ ಎತ್ತಲಿಲ್ಲ' ಎಂದರು. ಕೋಪವೇನೂ ಇರಲಿಲ್ಲ ಆ ಮಾತಿನಲ್ಲಿ. ಈ ಪ್ರಕರಣ ತಿರುಗಿದ್ದು ಅಲ್ಲಿ.

ಕೋಚ್ ವಾಪಸ್ ಹೋದಳು. ಈ ಸಲ ಸುಹಾಸನಿಗಾಗಿ ಅಲ್ಲ, ಅಕ್ಕನಿಗೆ ಕಲಿಸಲು. ಅವನು ಬೆರಳು ಮಡಚತೊಡಗಿದರೆ ಏನರ್ಥ, ಆಗ ಏನು ಹೇಳಬೇಕು, ಏನು ಹೇಳಬಾರದು, ಎಲ್ಲಿ ಕೂರಿಸಬೇಕು. ಹಿಂದಿನ ಗೋಡೌನಿನ ಮೂಲೆಯಲ್ಲಿ ಒಂದು ಸ್ಟೂಲ್ ಇಟ್ಟು ಅದನ್ನು ಅವನ ಜಾಗ ಎಂದು ಗೊತ್ತು ಮಾಡಿದರು. ಬದಲಾವಣೆ ಏನೇ ಇದ್ದರೂ ಹಿಂದಿನ ಸಂಜೆಯೇ ಹೇಳಿ ಬೋರ್ಡಿನಲ್ಲಿ ಬರೆಯುವುದು ಅಕ್ಕನ ಜವಾಬ್ದಾರಿ. ಇದಕ್ಕೆ ಅವರಿಗೆ ಸಂಬಳದಲ್ಲಿ ಸ್ವಲ್ಪ ಜಾಸ್ತಿ ಕೊಡಬೇಕೆಂದು ನಾವು ಪಟ್ಟು ಹಿಡಿದೆವು. ಮಾಲೀಕರು ಮೊದಲು ಒಪ್ಪಲಿಲ್ಲ. 'ಮಾನವೀಯತೆಗೂ ದುಡ್ಡಾ?' ಎಂದರು. ಪ್ಯಾಕಿಂಗ್ ಬಿಟ್ಟು ಮಾಡುವ ಕೆಲಸಕ್ಕೆ ಕೂಲಿ ಬೇಡವಾ ಎಂದು ಕೇಳಿದ್ದಕ್ಕೆ ಸುಮ್ಮನಾದರು, ಕೊಟ್ಟರು.

ಸುಹಾಸ ಮೊದಲು ಒಂದು ಭಾನುವಾರ ಯಾರೂ ಇಲ್ಲದಾಗ ಬಂದು ಹೊಸ ರ‍್ಯಾಕು ಜೋಡಣೆ ನೋಡಿಕೊಂಡು ಹೋದ. ಆಮೇಲೆ ಬೆಳಗಿನ ಹೊತ್ತು ಮಾತ್ರ, ಆಮೇಲೆ ಪೂರ್ತಿ ದಿನ. ಬಿದ್ದ ಹುಡುಗ ಬಹಳ ದಿನ ಅವನ ಹತ್ತಿರ ಸುಳಿಯಲಿಲ್ಲ. ಹತ್ತಿರವಾಗು ಎಂದು ಯಾರೂ ಒತ್ತಾಯ ಮಾಡಲಿಲ್ಲ. ಪೆಟ್ಟಾದದ್ದು ಅವನಿಗೆ, ಹೆದರುವುದು ಅವನ ಹಕ್ಕು. ಇಂಥ ಬರಹಗಳಲ್ಲಿ ಆ ಹುಡುಗನಂಥವರು ಸಾಮಾನ್ಯವಾಗಿ ಕಾಣೆಯಾಗುತ್ತಾರೆ.

ಈಗ

ಸುಹಾಸನಿಗೆ ಅಲ್ಲಿ ಮೂರನೇ ವರ್ಷ. ಡಿಸ್ಪ್ಯಾಚ್‌ಗೆ ಹಾಕಿ ನೋಡಿದರು, ಆಗಲಿಲ್ಲ. ಅಲ್ಲಿ ಫೋನು, ಟೆಂಪೊ, ಹತ್ತು ಜನರ ಅವಸರ. ಮತ್ತೆ ಎಕ್ಸ್‌ಪೈರಿಗೇ ಬಂದ. ಕಳೆದ ವರ್ಷ ಅಕ್ಕ ಮಗಳ ಬಾಣಂತನಕ್ಕೆಂದು ಊರಿಗೆ ಹೋದರು. ಹೋಗುವ ಮುಂಚೆ ಸೇಲ್ಸ್‌ನ ಒಬ್ಬನಿಗೆ ತಾವೇ ಎಲ್ಲ ಹೇಳಿಕೊಟ್ಟರು. ನಮಗೆ ಗೊತ್ತಾದದ್ದು ಅವರು ವಾಪಸ್ ಬಂದ ಮೇಲೆ. ಹೊಸ ಹೆಲ್ಪರ್‌ಗೆ ತನಗಿಂತ ಜಾಸ್ತಿ ಸಂಬಳ ಎಂದು ತಿಳಿದು ಸುಹಾಸ ಮಾಲೀಕರಿಗೆ ಒಂದು ಚೀಟಿ ಬರೆದುಕೊಟ್ಟ. ಮಾಲೀಕರು ಕೋಚ್‌ಗೆ ಫೋನ್ ಮಾಡಿದರು. 'ಅವನನ್ನೇ ಕರೆದು ಮಾತಾಡಿ ಸಾರ್' ಎಂದಳು. ಮಾತಾಡಿದರು, ಸರಿ ಮಾಡಿದರು.

ಬೇರೆ ಸಂಸ್ಥೆಗಳಿಗೆ ಇದರಿಂದ ಏನು ಉಪಯೋಗ? ತಾರೀಖು ನೆನಪಿಡುವ ಅವನ ಶಕ್ತಿಯನ್ನು ದಯವಿಟ್ಟು ದೊಡ್ಡದು ಮಾಡಬೇಡಿ. ಆಟಿಸಂ ಇರುವ ಎಲ್ಲರಿಗೂ ಅಂಥದ್ದು ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಅದು ಅವನನ್ನು ಅಂಗಡಿಗೆ ತಲುಪಿಸಿತು, ಅಷ್ಟೇ. ಅಲ್ಲಿ ಉಳಿಸಿದ್ದು ಅಂಗಡಿಯ ಒಳಗಿನ ಒಬ್ಬ ಮನುಷ್ಯರು. ಓದು ಬರಹ ತೊಡಕಾಗುವ ಡಿಸ್ಲೆಕ್ಸಿಯಾ, ಗಮನ ಒಂದು ಕಡೆ ನಿಲ್ಲದ ಎಡಿಎಚ್‌ಡಿ ಇರುವವರನ್ನು ಕೆಲಸಕ್ಕೆ ಸೇರಿಸುವಾಗಲೂ ಇದೇ ಪ್ರಶ್ನೆ ಏಳುತ್ತದೆ: ಕೋಚ್ ಹೊರಟ ಮೇಲೆ ಅವಳ ಕೆಲಸ ಯಾರದು? ಅದನ್ನು ಹೊರಡುವ ದಿನ ಕೇಳಿದರೆ ತಡವಾಗಿರುತ್ತದೆ. ಈಗ ನಾವು ಸೇರಿಸುವ ಮುಂಚೆಯೇ ಅಂಗಡಿಯವರಿಂದ ಒಂದು ಹೆಸರು ಕೇಳುತ್ತೇವೆ. ಅದು ಮಾಲೀಕರ ಹೆಸರಾಗಬಾರದು. ಮಾಲೀಕರು ದಿನವಿಡೀ ಅಂಗಡಿಯಲ್ಲಿ ಇರುವುದಿಲ್ಲ.

ದುಡ್ಡು ಕೊಡುವವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ನಮ್ಮಂಥವರಿಗೆ ಅದರಿಂದ ಅನುಕೂಲವಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ವರದಿಯ ನಮೂನೆಯಲ್ಲಿ ಎಷ್ಟು ಜನರಿಗೆ ತರಬೇತಿ, ಎಷ್ಟು ಜನರಿಗೆ ಕೆಲಸ ಎಂಬ ಎರಡೇ ಕಾಲಂ. ಎರಡು ವರ್ಷದ ನಂತರ ಎಷ್ಟು ಜನ ಅಲ್ಲೇ ಇದ್ದಾರೆ ಎಂಬುದಕ್ಕೆ ಜಾಗ ಇಲ್ಲ. ಅಕ್ಕನಿಗೆ ಕಲಿಸಿದ ವಾರಗಳನ್ನು ನಾವು 'ಇತರೆ' ಎಂಬಲ್ಲಿ ಬರೆದೆವು.

ಆ ಒಂದು ಹೆಸರು ಕೇಳುವ ನಿಯಮಕ್ಕೆ ಬೆಲೆಯೂ ಇದೆ. ಮೊನ್ನೆ ಪಕ್ಕದ ತಾಲ್ಲೂಕಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನವರು ಆಟಿಸಂ ಇರುವ ಒಬ್ಬ ಹುಡುಗಿಯನ್ನು ಬೈಂಡಿಂಗ್ ಕೆಲಸಕ್ಕೆ ತೆಗೆದುಕೊಳ್ಳಲು ಮುಂದೆ ಬಂದರು. ಒಳಗಿನವರು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆವು. 'ಎಲ್ಲರೂ ನೋಡ್ಕೋತಾರೆ ಬಿಡಿ' ಎಂದರು. ಎಷ್ಟು ಕೇಳಿದರೂ ಒಂದು ಹೆಸರು ಬರಲಿಲ್ಲ. ನಾವು ಸೇರಿಸಲಿಲ್ಲ. ಹುಡುಗಿಯ ಅಮ್ಮನಿಗೆ ನಮ್ಮ ಮೇಲೆ ಸಿಟ್ಟಿದೆ. ಸಿಕ್ಕ ಅವಕಾಶ ನೀವೇ ತಪ್ಪಿಸಿದಿರಿ ಎನ್ನುತ್ತಾರೆ. ಪ್ರೆಸ್ಸಿನವರ ಜೊತೆ ಮಾತು ಇನ್ನೂ ನಡೆದಿದೆ, ಅಲ್ಲಿಯವರೆಗೆ ಹುಡುಗಿ ಮನೆಯಲ್ಲೇ ಇದ್ದಾಳೆ.